ನಾವಿಲ್ಲದಾಗ ಬರೆದ ತೆರಿಗೆ ಆದೇಶ: ಅಪೀಲಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಹಳ ಜನಕ್ಕೆ ವಿಷಯ ಗೊತ್ತಾಗುವುದೇ ಬ್ಯಾಂಕಿಗೆ ದುಡ್ಡು ತೆಗೆಯಲು ಹೋದಾಗ. ಖಾತೆ ಮೇಲೆ ಆದಾಯ ತೆರಿಗೆ ಇಲಾಖೆಯ ತಡೆ ಇದೆ ಅಂತಾರೆ. ವಿಚಾರಿಸಿದರೆ ಆದೇಶ ಆಗಿ ತಿಂಗಳುಗಳೇ ಕಳೆದಿವೆ, ಲಕ್ಷಗಟ್ಟಲೆ ಬಾಕಿ ತೋರಿಸುತ್ತಿದೆ, ನೋಟಿಸುಗಳೆಲ್ಲ ಯಾವುದೋ ಇಮೇಲಿಗೆ ಹೋಗಿವೆ. ಇಂಥ ಆದೇಶದ ವಿರುದ್ಧ ಅಪೀಲು ಹೋಗಬಹುದು, ಗೆಲ್ಲಲೂಬಹುದು. ಆದರೆ "ನನಗೆ ನೋಟಿಸ್ ಬರಲಿಲ್ಲ" ಅನ್ನುವ ಒಂದೇ ಮಾತು ಹಿಡಿದು ಹೋದರೆ ಸಾಲದು. ದುಡ್ಡು ಎಲ್ಲಿಂದ ಬಂತು ಅಂತ ತೋರಿಸುವ ಕಾಗದ ಕೈಯಲ್ಲಿರಬೇಕು. ಕೆಳಗಿನ ಉತ್ತರಗಳಲ್ಲಿ ಜಾಸ್ತಿ ಜಾಗ ಕೊಟ್ಟಿರುವುದು ಅದಕ್ಕೇ.

ಏಕಪಕ್ಷೀಯ ಆದೇಶ ಅಂದ್ರೆ ಯಾವುದು? ನನ್ನದು ಅದೇನಾ ಅಂತ ಹೇಗೆ ತಿಳಿಯೋದು?

ನಿಮ್ಮ ಉತ್ತರ ಇಲ್ಲದೆ ಅಧಿಕಾರಿ ಒಬ್ಬರೇ ಬರೆದು ಮುಗಿಸಿದ ಆದೇಶ ಅದು. ಆದೇಶದ ಮೊದಲ ಪುಟದಲ್ಲಿ ಆದಾಯ ತೆರಿಗೆ ಕಾಯ್ದೆಯ ಯಾವ ಸೆಕ್ಷನ್ ಅಡಿ ಮಾಡಿದ್ದು ಅಂತ ಬರೆದಿರುತ್ತದೆ. ಅಲ್ಲಿ 144 ಅಂತ ಇದ್ದರೆ ಅದೇ. 147 ಜೊತೆ 144 ಅಂತಲೂ ಇರಬಹುದು, ಅಂದರೆ ಹಳೆಯ ವರ್ಷದ ಕಡತವನ್ನು ಮತ್ತೆ ತೆರೆದು, ನಿಮ್ಮ ಉತ್ತರ ಬಾರದ ಕಾರಣ ಅಧಿಕಾರಿ ತಮ್ಮ ಬಳಿ ಇದ್ದ ಮಾಹಿತಿ ಮೇಲೇ ಲೆಕ್ಕ ಹಾಕಿ ಮುಗಿಸಿದ್ದಾರೆ ಅಂತ ಅರ್ಥ. ಆದರೆ 144 ಅನ್ನೂ 144ಬಿಯನ್ನೂ ಒಂದೇ ಅಂದುಕೊಳ್ಳಬೇಡಿ. 144ಬಿ ಅಂದರೆ ಅಧಿಕಾರಿಯ ಮುಖ ನೋಡದೆ ಆನ್‌ಲೈನಲ್ಲೇ ನಡೆಯುವ ಫೇಸ್‌ಲೆಸ್ ವಿಧಾನ, ಎಲ್ಲ ಉತ್ತರ ಕೊಟ್ಟವರ ಆದೇಶದಲ್ಲೂ ಅದು ಇರುತ್ತದೆ.

ರಿಟರ್ನ್ ಹಾಕದಿದ್ದರೆ, 142(1) ನೋಟಿಸಿಗೆ ಮಾಹಿತಿ ಕೊಡದಿದ್ದರೆ, ಅಥವಾ ರಿಟರ್ನ್ ಹಾಕಿಯೂ ಅದರ ಪರಿಶೀಲನೆಗೆ ಬರುವ 143(2) ನೋಟಿಸಿಗೆ ಉತ್ತರಿಸದಿದ್ದರೆ 144 ಬಳಸುವ ಅಧಿಕಾರ ಬರುತ್ತದೆ. ಹಾಗಂತ ಮನಸ್ಸಿಗೆ ಬಂದ ಅಂಕಿ ಬರೆಯುವಂತಿಲ್ಲ. 1937ರಲ್ಲೇ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ಕೊನೆಯ ಅಪೀಲು ಕೇಳುತ್ತಿದ್ದ ಲಂಡನ್ನಿನ ನ್ಯಾಯಪೀಠ) ಇದನ್ನು ಹೇಳಿತ್ತು: ಅಂದಾಜು ಇದ್ದೇ ಇರುತ್ತದೆ, ಆದರೆ ಅದು ಪ್ರಾಮಾಣಿಕ ಅಂದಾಜು ಆಗಿರಬೇಕು, ಸೇಡು ತೀರಿಸಿಕೊಂಡ ಹಾಗೆ ಇರಬಾರದು. 1966ರಲ್ಲಿ ಕೇರಳದ ಒಂದು ಮಾರಾಟ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಇದೇ ದಾರಿಯಲ್ಲಿ ನಡೆಯಿತು. ನಿಮ್ಮ ಅಪೀಲಿನ ಒಂದು ಕಾಲು ನಿಲ್ಲುವುದು ಇಲ್ಲೇ.

ನಾನೇನೂ ತಪ್ಪು ಮಾಡಿಲ್ಲ. ತೆರಿಗೆ ಇಷ್ಟೊಂದು ಹೇಗೆ ಬಂತು?

ಒಂದು ಉದಾಹರಣೆ ತಗೊಳ್ಳಿ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು 2020-21ರಲ್ಲಿ ಉಳಿತಾಯ ಖಾತೆಗೆ ಬೇರೆ ಬೇರೆ ದಿನ ಒಟ್ಟು 14 ಲಕ್ಷ ನಗದು ಕಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಆದಾಯವೆಲ್ಲ ತೋಟದ್ದು, ಅದಕ್ಕೆ ರಿಟರ್ನ್ ಹಾಕಿಲ್ಲ. ಒಂದು ವರ್ಷದಲ್ಲಿ ಉಳಿತಾಯ ಖಾತೆಗೆ 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಬಂದರೆ ಬ್ಯಾಂಕು ಇಲಾಖೆಗೆ ತಿಳಿಸಲೇಬೇಕು. ತಿಳಿಸಿತು. ಇಲಾಖೆ ನೋಟಿಸ್ ಕಳಿಸಿತು, ಉತ್ತರ ಹೋಗಲಿಲ್ಲ. ಮೂಲ ಗೊತ್ತಿಲ್ಲದ ಹಣ ಅಂತ ಸೆಕ್ಷನ್ 69ಎ ಅಡಿ ಇಡೀ 14 ಲಕ್ಷ ಆದಾಯಕ್ಕೆ ಸೇರಿತು. ಅದಕ್ಕೆ ಸೆಕ್ಷನ್ 115ಬಿಬಿಇ ದರ: ಶೇ 60 ತೆರಿಗೆ ಅಂದರೆ 8.40 ಲಕ್ಷ, ಅದರ ಮೇಲೆ ಶೇ 25 ಸರ್ಚಾರ್ಜ್ 2.10 ಲಕ್ಷ, ಎರಡರ ಮೇಲೆ ಶೇ 4 ಸೆಸ್ 42 ಸಾವಿರ. ಒಟ್ಟು 10.92 ಲಕ್ಷ. ಅಂದರೆ ನೂರಕ್ಕೆ 78 ರೂಪಾಯಿ. ಬಡ್ಡಿ ಬೇರೆ, ದಂಡದ ನೋಟಿಸ್ ಬೇರೆ. ಈ ದರದಲ್ಲಿ ಖರ್ಚು ಕಳೆಯೋದಿಲ್ಲ, ತೆರಿಗೆ ಇಲ್ಲದ ಮೊದಲ ಎರಡೂವರೆ ಲಕ್ಷವೂ ಸಿಗೋದಿಲ್ಲ. ಜನ ಕಂಗಾಲಾಗುವುದು ಸಹಜ. ಆದರೆ ಹಣದ ಮೂಲ ಕೃಷಿ ಅಂತ ಸಾಬೀತಾದರೆ ಈ ಇಡೀ ಲೆಕ್ಕ ಬಿದ್ದುಹೋಗುತ್ತದೆ, ಯಾಕಂದ್ರೆ ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆಯೇ ಇಲ್ಲ.

ಅಪೀಲು ಎಲ್ಲಿ, ಹೇಗೆ, ಎಷ್ಟು ದಿನದೊಳಗೆ?

ಆದಾಯ ತೆರಿಗೆ ಪೋರ್ಟಲಲ್ಲಿ ಫಾರ್ಮ್ 35 ತುಂಬಬೇಕು. ಅದು ಕಮಿಷನರ್ (ಅಪೀಲು) ಮುಂದೆ ಹೋಗುತ್ತದೆ. ಕೆಲವು ಸಣ್ಣ ಪ್ರಕರಣಗಳು 2023ರಿಂದ ಜಾಯಿಂಟ್ ಕಮಿಷನರ್ (ಅಪೀಲು) ಮುಂದೆಯೂ ಬರುತ್ತವೆ. ಡಿಮಾಂಡ್ ನೋಟಿಸ್, ಅಂದರೆ ಇಷ್ಟು ತೆರಿಗೆ ಕಟ್ಟಿ ಅನ್ನುವ ನೋಟಿಸ್, ಸಿಕ್ಕ ದಿನ ಬಿಟ್ಟು 30 ದಿನ ಅವಧಿ. ಶುಲ್ಕ ಅಂಥ ಜಾಸ್ತಿ ಏನಿಲ್ಲ: ಅಧಿಕಾರಿ ನಿಗದಿ ಮಾಡಿದ ಆದಾಯ 1 ಲಕ್ಷದವರೆಗಿದ್ದರೆ 250 ರೂಪಾಯಿ, 2 ಲಕ್ಷದವರೆಗೆ 500, ಅದಕ್ಕೂ ಮೇಲಿದ್ದರೆ 1,000.

ಪ್ರಕರಣದ ವಿವರವನ್ನು 1,000 ಪದ ಮೀರದಂತೆ ಬರೆಯಬೇಕು. ಅಪೀಲಿನ ಒಂದೊಂದು ಕಾರಣಕ್ಕೂ 100 ಪದದ ಮಿತಿ. ಆದೇಶದ ಪ್ರತಿ, ಡಿಮಾಂಡ್ ನೋಟಿಸ್, ಶುಲ್ಕ ಕಟ್ಟಿದ ಚಲನ್ ಜೊತೆಗಿರಲಿ. ಮುಂದಿನ ನೋಟಿಸುಗಳು ಯಾವ ಇಮೇಲಿಗೆ ಬರಬೇಕು ಅಂತ ಕೇಳುವ ಜಾಗದಲ್ಲಿ ನೀವೇ ದಿನಾ ನೋಡುವ ಇಮೇಲ್ ಕೊಡಿ. ದಯವಿಟ್ಟು ಇದೊಂದನ್ನು ಮಾತ್ರ ಬೇರೆಯವರಿಗೆ ಬಿಡಬೇಡಿ.

30 ದಿನ ಎಂದೋ ಮುಗಿದಿದೆ. ಈಗ ಬಾಗಿಲು ಮುಚ್ಚಿತಾ?

ಇಲ್ಲ. ತಡಕ್ಕೆ ಸರಿಯಾದ ಕಾರಣ ಇದ್ದರೆ ಅಪೀಲನ್ನು ಒಪ್ಪಿಕೊಳ್ಳುವ ಅಧಿಕಾರ ಕಮಿಷನರಿಗೆ ಇದೆ. ಸೆಕ್ಷನ್ 249(3) ಅದನ್ನೇ ಹೇಳುವುದು. ತಡ ಮಾಡಿ ಯಾರಿಗೂ ಲಾಭವಿಲ್ಲ, ತಾಂತ್ರಿಕ ಕಾರಣಕ್ಕೆ ನ್ಯಾಯವನ್ನೇ ತಪ್ಪಿಸಬಾರದು ಅಂತ ಸುಪ್ರೀಂ ಕೋರ್ಟ್ 1987ರಲ್ಲಿ ಅನಂತನಾಗ್ ಭೂಸ್ವಾಧೀನ ಪ್ರಕರಣದಲ್ಲಿ ಹೇಳಿದ್ದು ಇವತ್ತಿಗೂ ಇಂಥ ಅರ್ಜಿಗಳಲ್ಲಿ ಬಳಕೆಯಾಗುತ್ತದೆ. ಎಷ್ಟು ದಿನ ತಡ ಅನ್ನುವುದಕ್ಕಿಂತ ಯಾಕೆ ತಡ ಅನ್ನುವುದು ಮುಖ್ಯ.

ಅರ್ಜಿ ಜೊತೆ ಅಫಿಡವಿಟ್ ಕೊಡಿ. ಆದೇಶ ಆದ ದಿನ, ನಿಮಗೆ ಗೊತ್ತಾದ ದಿನ, ಹೇಗೆ ಗೊತ್ತಾಯಿತು, ಆಮೇಲೆ ಏನೇನು ಮಾಡಿದಿರಿ, ಎಲ್ಲ ದಿನಾಂಕದ ಸಮೇತ ಇರಲಿ. ಬ್ಯಾಂಕು ಖಾತೆ ತಡೆದ ಪತ್ರ ಇದ್ದರೆ ಅದು ಒಳ್ಳೆಯ ಸಾಕ್ಷಿ. ಆಸ್ಪತ್ರೆಯಲ್ಲಿದ್ದರೆ ಡಿಸ್ಚಾರ್ಜ್ ಕಾಗದ. ಪ್ಯಾನ್ ಮಾಡಿಸುವಾಗ ಸೈಬರ್ ಸೆಂಟರಿನವರು ತಮ್ಮದೇ ಇಮೇಲ್, ತಮ್ಮದೇ ಮೊಬೈಲ್ ನಂಬರ್ ಹಾಕಿರುವುದು ನಮ್ಮ ಹಳ್ಳಿಗಳ ಕಡೆ ಎಷ್ಟು ಸಾಮಾನ್ಯ ಅಂದರೆ, ಮೊದಲು ನೋಡಬೇಕಾದ್ದೇ ಅದು. ಪೋರ್ಟಲಿನ ಪ್ರೊಫೈಲ್ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ, ಹಳೆಯ ಇಮೇಲ್ ಅಲ್ಲಿ ಕಾಣುವಂತೆ. ಸರಿಪಡಿಸುವುದು ಆಮೇಲೆ. ಮೊದಲೇ ಬದಲಾಯಿಸಿಬಿಟ್ಟರೆ ನಿಮ್ಮ ಸಾಕ್ಷಿಯನ್ನು ನೀವೇ ಅಳಿಸಿದಂತಾಗುತ್ತದೆ.

"ಆಡಿಟರ್ ಹೇಳಲಿಲ್ಲ" ಅನ್ನುವುದು ಒಂಟಿಯಾಗಿ ನಿಲ್ಲುವ ಕಾರಣ ಅಲ್ಲ. ಆಡಿಟರ್ ಅಫಿಡವಿಟ್ ಕೊಟ್ಟರೆ, ಅಥವಾ ನೀವು ಆಗಲೇ ಅವರಿಗೆ ಕಾಗದ ಕಳಿಸಿದ ವಾಟ್ಸಾಪ್ ಸಂದೇಶ ಇದ್ದರೆ ತೂಕ ಬರುತ್ತದೆ.

ನೋಟಿಸ್ ಪೋರ್ಟಲಲ್ಲಿ ಹಾಕಿದ್ದರಂತೆ. ಅದು ಕೊಟ್ಟ ಹಾಗೇನಾ?

ಸುಮ್ನೆ ಪೋರ್ಟಲಿಗೆ ಹಾಕಿ ಕೂತರೆ ತಲುಪಿಸಿದಂತಲ್ಲ ಅಂತ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2024ರಲ್ಲಿ ಹೇಳಿದೆ. ಜನ ದಿನವಿಡೀ ಪೋರ್ಟಲ್ ತೆರೆದು ನೋಡುತ್ತಿರಬೇಕು ಅಂತ ಯಾರೂ ನಿರೀಕ್ಷಿಸುವಂತಿಲ್ಲ ಅಲ್ವಾ? ಆದರೆ ನೀವೇ ರಿಟರ್ನಿನಲ್ಲಿ ಕೊಟ್ಟ ಇಮೇಲಿಗೆ ನೋಟಿಸ್ ಬಂದು, ಅದು ಸ್ಪ್ಯಾಮಿಗೆ ಹೋಗಿದ್ದರೆ, ತಲುಪಿಲ್ಲ ಅನ್ನುವ ವಾದ ಬಹಳ ದುರ್ಬಲ. ಆಗ "ನೋಡಲಿಲ್ಲ, ಇದು ಕಾರಣ" ಅಂತ ನೇರವಾಗಿ ಹೇಳುವುದೇ ಮೇಲು.

ಆದೇಶದ ನಡುವೆ ಒಂದು ಕೋಷ್ಟಕ ಇರುತ್ತದೆ. ಯಾವ ನೋಟಿಸ್, ಯಾವ ದಿನ ಕಳಿಸಿದ್ದು, ಉತ್ತರಕ್ಕೆ ಕೊನೆಯ ದಿನ ಯಾವುದು, ಉತ್ತರ ಬಂತಾ ಇಲ್ವಾ. ಇದನ್ನು ಬೆರಳಿಟ್ಟು ಓದಿ. ಕೊನೆಯ ಶೋಕಾಸ್ ನೋಟಿಸಿಗೆ ಎರಡೋ ಮೂರೋ ದಿನ ಮಾತ್ರ ಕೊಟ್ಟಿದ್ದರೆ, ಅದರಲ್ಲಿ ಶನಿವಾರ, ಭಾನುವಾರ ಬಂದಿದ್ದರೆ, ಅದನ್ನೇ ಒಂದು ಪ್ರತ್ಯೇಕ ಕಾರಣವಾಗಿ ಬರೆಯಿರಿ. ಅಸೆಸ್‌ಮೆಂಟ್ ಹಂತದಲ್ಲಿ, ಅಂದರೆ ಅಧಿಕಾರಿ ತೆರಿಗೆ ನಿಗದಿ ಮಾಡುವಾಗ, ತಪ್ಪಿದ ಅವಕಾಶವನ್ನು ಅಪೀಲಿನಲ್ಲಿ ಕೊಟ್ಟೆವು ಅಂದರೆ ಸರಿಹೋಗುವುದಿಲ್ಲ ಅಂತ 2001ರಲ್ಲಿ ಸುಪ್ರೀಂ ಕೋರ್ಟ್ ಟಿನ್ ಬಾಕ್ಸ್ ಕಂಪನಿ ಪ್ರಕರಣದಲ್ಲಿ ಹೇಳಿದೆ.

ಆಗ ಕೊಡದ ದಾಖಲೆಗಳನ್ನು ಈಗ ಕೊಡಬಹುದಾ?

ಕೊಡಬಹುದು, ಆದರೆ ಕೇಳಿ ಕೊಡಬೇಕು. ಅಪೀಲಿನಲ್ಲಿ ಹೊಸ ದಾಖಲೆ ಕೊಡಲು ನಿಯಮ 46ಎ ಅಂತ ಇದೆ. ತಕ್ಕ ಕಾರಣದಿಂದ ಆಗ ಕೊಡಲಾಗಲಿಲ್ಲ, ಅಥವಾ ಅಧಿಕಾರಿ ಸಾಕಷ್ಟು ಅವಕಾಶ ಕೊಡಲಿಲ್ಲ ಅಂತ ತೋರಿಸಬೇಕು. ಫಾರ್ಮ್ 35ರಲ್ಲಿ ಹೊಸ ಸಾಕ್ಷ್ಯ ಇದೆಯೇ ಅನ್ನುವ ಪ್ರಶ್ನೆಗೆ "ಹೌದು" ಅನ್ನಿ, ಬೇರೆ ಅರ್ಜಿಯನ್ನೂ ಹಾಕಿ. ಆ ಮೇಲೆ ಕಮಿಷನರ್ ನಿಮ್ಮ ದಾಖಲೆಗಳನ್ನು ಅಸೆಸ್‌ಮೆಂಟ್ ಅಧಿಕಾರಿಗೆ ಕಳಿಸಿ ಅಭಿಪ್ರಾಯ ಕೇಳುತ್ತಾರೆ. ಅದಕ್ಕೆ ರಿಮಾಂಡ್ ರಿಪೋರ್ಟ್ ಅಂತಾರೆ. ಅದರ ಪ್ರತಿ ಪಡೆದು ನೀವೂ ಉತ್ತರ ಕೊಡಿ.

ಈಗ ದಾಖಲೆಯ ಮಾತು. ಮೇಲಿನ ಅಡಿಕೆ ಬೆಳೆಗಾರರನ್ನೇ ತಗೊಂಡರೆ, ಆ ವರ್ಷದ ಪಹಣಿ ಬೇಕು, ಇವತ್ತಿನದಲ್ಲ. ಬೆಳೆ ಕಾಲಮ್ಮಿನಲ್ಲಿ ಅಡಿಕೆ ಅಂತ ಇದೆಯಾ ನೋಡಿ. ಎಷ್ಟೋ ಕಡೆ ತೋಟ ಮಾಡಿ ಹದಿನೈದು ವರ್ಷ ಆಗಿದ್ದರೂ ಪಹಣಿಯಲ್ಲಿ ಭತ್ತ ಅಂತಲೇ ಇರುತ್ತದೆ, ಆಗ ಗ್ರಾಮ ಆಡಳಿತ ಅಧಿಕಾರಿಯ ಪ್ರಮಾಣಪತ್ರ, ತೋಟದ ಸಾಲದ ಕಾಗದ, ಬೆಳೆ ವಿಮೆಯ ರಸೀದಿ, ಸಿಕ್ಕಿದ್ದನ್ನೆಲ್ಲ ಸೇರಿಸಬೇಕು. ಜಮೀನು ತಂದೆಯ ಹೆಸರಲ್ಲಿ, ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿ ಇದ್ದರೆ ವಂಶವೃಕ್ಷವೂ ಉಳಿದವರ ಒಪ್ಪಿಗೆ ಪತ್ರವೂ ಬೇಕು. ಆಮೇಲೆ ಮಂಡಿಯ ಅಥವಾ ಸೊಸೈಟಿಯ ಮಾರಾಟದ ಪಟ್ಟಿ. ಪಟ್ಟಿಯ ದಿನಾಂಕವನ್ನೂ ಬ್ಯಾಂಕಿಗೆ ಕಟ್ಟಿದ ದಿನಾಂಕವನ್ನೂ ಅಕ್ಕಪಕ್ಕ ಬರೆದು ಒಂದು ಹಾಳೆ ಮಾಡಿ. ಜನವರಿ 12ಕ್ಕೆ ಮಂಡಿ ಪಟ್ಟಿ 3.10 ಲಕ್ಷ, ಜನವರಿ 14ಕ್ಕೆ ಖಾತೆಗೆ 3 ಲಕ್ಷ, ಹೀಗೆ. ನೂರು ಪುಟದ ವಾದ ಮಾಡದ ಕೆಲಸವನ್ನು ಈ ಒಂದು ಹಾಳೆ ಮಾಡುತ್ತದೆ. ಹೊಂದಿಕೆಯಾಗದ ಸಾಲು ಇದ್ದರೆ ಮುಚ್ಚಿಡಬೇಡಿ, ಅದು ಚಿನ್ನದ ಸಾಲವೋ, ತೆಗೆದ ದುಡ್ಡನ್ನೇ ಮತ್ತೆ ಕಟ್ಟಿದ್ದೋ, ಅದರದೇ ಕಾಗದ ಹುಡುಕಿ.

ಸೈಟು ಮಾರಿದ್ದಕ್ಕೆ ಇಡೀ ಮಾರಾಟದ ಮೊತ್ತವನ್ನೇ ಲಾಭ ಅಂತ ಹಾಕಿದ್ದರೆ ಕೊಂಡಾಗಿನ ಕ್ರಯಪತ್ರ ಮೊದಲು ಬೇಕು. ವ್ಯಾಪಾರಿಯ ಖಾತೆಗೆ ಬಂದದ್ದೆಲ್ಲ ಆದಾಯ ಅಂತ ಹಾಕಿದ್ದರೆ ಖರೀದಿ ಬಿಲ್ಲು ಮತ್ತು ಜಿಎಸ್‌ಟಿ ರಿಟರ್ನು.

ರಿಟರ್ನೇ ಹಾಕಿಲ್ಲ. ತೆರಿಗೆ ಕಟ್ಟದೆ ಅಪೀಲು ಹೋಗಬಹುದಾ?

ಇಲ್ಲೇ ಎಷ್ಟೋ ಅಪೀಲುಗಳು ವಿಚಾರಣೆಗೆ ಬರುವ ಮೊದಲೇ ಬಿದ್ದುಹೋಗುತ್ತವೆ, ಹಾಗಾಗಿ ಗಮನವಿಟ್ಟು ಓದಿ. ರಿಟರ್ನ್ ಹಾಕಿದ್ದರೆ ಅದರಲ್ಲಿ ನೀವೇ ಒಪ್ಪಿದ ಆದಾಯದ ತೆರಿಗೆ ಕಟ್ಟಿರಬೇಕು. ರಿಟರ್ನ್ ಹಾಕದಿದ್ದರೆ, ಆ ವರ್ಷ ನೀವು ಕಟ್ಟಬೇಕಿದ್ದ ಮುಂಗಡ ತೆರಿಗೆಯಷ್ಟು (ವರ್ಷ ಮುಗಿಯುವ ಮೊದಲೇ ಕಂತಿನಲ್ಲಿ ಕಟ್ಟುವ ತೆರಿಗೆ) ಕಟ್ಟಿರಬೇಕು. ಇದು ಸೆಕ್ಷನ್ 249(4). ಅಧಿಕಾರಿ ಹಾಕಿದ ಪೂರ್ತಿ ಡಿಮಾಂಡ್ ಕಟ್ಟಬೇಕು ಅಂತ ಇದರ ಅರ್ಥ ಅಲ್ಲ. ನಿಮ್ಮ ಆದಾಯವೆಲ್ಲ ಕೃಷಿಯದ್ದಾದರೆ ಮುಂಗಡ ತೆರಿಗೆಯ ಪ್ರಶ್ನೆಯೇ ಇಲ್ಲ, ಆ ಮಾತನ್ನು ಫಾರ್ಮಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಜಾಗ ಖಾಲಿ ಬಿಡಬೇಡಿ. ಕಟ್ಟಬೇಕಾದ್ದು ಇದ್ದೂ ಕೈಲಾಗದಿದ್ದರೆ, ರಿಟರ್ನ್ ಹಾಕದವರಿಗೆ ವಿನಾಯಿತಿ ಕೇಳುವ ಅವಕಾಶ ಇದೆ. ಅರ್ಜಿ ಬೇರೆ ಕೊಡಬೇಕು, ತಾನಾಗಿ ಸಿಗೋದಿಲ್ಲ.

ಅಪೀಲು ಹಾಕಿದ ಮೇಲೆ ವಸೂಲಿ ನಿಲ್ಲುತ್ತಾ?

ನಿಲ್ಲೋದಿಲ್ಲ. ಅಪೀಲು ಬೇರೆ, ವಸೂಲಿಗೆ ತಡೆ ಬೇರೆ. ಡಿಮಾಂಡಿಗೆ 30 ದಿನ ಕಳೆದರೆ ತಿಂಗಳಿಗೆ ಶೇ 1 ಬಡ್ಡಿ ಓಡುತ್ತದೆ, ಬರಬೇಕಾದ ರೀಫಂಡ್ ಹಿಡಿದುಕೊಳ್ಳಬಹುದು, ಖಾತೆ ತಡೆಯಲು ಬ್ಯಾಂಕಿಗೆ 226(3) ನೋಟಿಸ್ ಹೋಗಬಹುದು. ಅಪೀಲು ಹಾಕಿದ ರಸೀದಿ ಇಟ್ಟು ನಿಮ್ಮ ವ್ಯಾಪ್ತಿಯ ಅಧಿಕಾರಿಗೆ ಸೆಕ್ಷನ್ 220(6) ಅಡಿ ಅರ್ಜಿ ಕೊಡಿ. ಕೇಂದ್ರ ನೇರ ತೆರಿಗೆ ಮಂಡಳಿಯ 2017ರ ಜುಲೈ 31ರ ಸೂಚನೆ ಪ್ರಕಾರ ಸಾಮಾನ್ಯವಾಗಿ ವಿವಾದದ ಮೊತ್ತದ ಶೇ 20 ಕಟ್ಟಿದರೆ ಉಳಿದದ್ದಕ್ಕೆ ತಡೆ ಸಿಗುತ್ತದೆ. ಅದಕ್ಕೂ ಹಿಂದೆ ಶೇ 15 ಇತ್ತು.

ಶೇ 20 ಕಲ್ಲಿನಲ್ಲಿ ಕೆತ್ತಿದ್ದಲ್ಲ. ಮೊತ್ತ ಮೇಲ್ನೋಟಕ್ಕೇ ಅನ್ಯಾಯ ಅನ್ನಿಸುವಾಗ ಕಡಿಮೆ ಮಾಡಿಕೊಡಿ ಅಂತ ಪ್ರಿನ್ಸಿಪಲ್ ಕಮಿಷನರನ್ನು ಕೇಳಬಹುದು. 14 ಲಕ್ಷದ ಅಡಿಕೆ ದುಡ್ಡಿಗೆ 11 ಲಕ್ಷ ತೆರಿಗೆ ಹಾಕಿಸಿಕೊಂಡ ರೈತ ಎರಡು ಲಕ್ಷ ಹೊಂದಿಸಲು ತೋಟ ಅಡ ಇಡಬೇಕಾ? ಅಧಿಕಾರಿಗಳು ಇಂಥ ಕಡೆ ಇನ್ನೂ ಸ್ವಲ್ಪ ಮನಸ್ಸು ಮಾಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅರ್ಜಿಯಲ್ಲಿ ಮನೆಯ ಸ್ಥಿತಿ, ಸಾಲ, ಖಾತೆಯಲ್ಲಿರುವ ಮೊತ್ತ, ಎಲ್ಲ ಬರೆಯಿರಿ. ಸಂಕೋಚ ಬೇಡ.

ಆದೇಶ ಮಾಡಿದ ಅಧಿಕಾರಿಯನ್ನೇ ಕೇಳಿ ರದ್ದು ಮಾಡಿಸಬಹುದಾ?

ಮೊದಲು ಆಗುತ್ತಿತ್ತು. ಹಳೆಯ ಸೆಕ್ಷನ್ 146ರಲ್ಲಿ, ಡಿಮಾಂಡ್ ನೋಟಿಸ್ ಸಿಕ್ಕ ಒಂದು ತಿಂಗಳೊಳಗೆ ಅದೇ ಅಧಿಕಾರಿಗೆ ಅರ್ಜಿ ಕೊಟ್ಟು ಕಾರಣ ತೋರಿಸಿದರೆ ಆದೇಶ ರದ್ದಾಗಿ ಹೊಸದಾಗಿ ವಿಚಾರಣೆ ನಡೆಯುತ್ತಿತ್ತು. 1989ರ ಏಪ್ರಿಲ್ 1ರಿಂದ ಅದನ್ನು ತೆಗೆದುಹಾಕಿದರು. ಸಾಮಾನ್ಯ ಜನಕ್ಕೆ ಅಷ್ಟು ಹತ್ತಿರದ ಪರಿಹಾರ ಇನ್ನೊಂದಿರಲಿಲ್ಲ, ತೆಗೆದದ್ದು ದೊಡ್ಡ ನಷ್ಟ. ಈಗ ಉಳಿದಿರುವುದು ಸೆಕ್ಷನ್ 154ರ ತಿದ್ದುಪಡಿ. ಟಿಡಿಎಸ್ ಲೆಕ್ಕಕ್ಕೆ ಹಿಡಿದಿಲ್ಲ, ಕೂಡುವುದರಲ್ಲಿ ತಪ್ಪಾಗಿದೆ, ಇಂಥ ಕಣ್ಣಿಗೆ ಕಾಣುವ ದೋಷಕ್ಕೆ ಮಾತ್ರ ಅದು.

ಕಮಿಷನರ್ ಏನು ಮಾಡಬಹುದು? ಕೇಸು ವಾಪಸ್ ಕಳಿಸುತ್ತಾರಂತೆ?

2001ರ ಜೂನ್‌ನಿಂದ ಕಮಿಷನರ್ (ಅಪೀಲು) ಅವರಿಗೆ ಕೇಸನ್ನು ವಾಪಸ್ ಕಳಿಸುವ ಅಧಿಕಾರ ಇರಲಿಲ್ಲ. ಉಳಿಸಬೇಕು, ಕಡಿಮೆ ಮಾಡಬೇಕು, ಇಲ್ಲವೇ ತೆಗೆದುಹಾಕಬೇಕು, ಅಷ್ಟೇ. 2024ರ ಅಕ್ಟೋಬರ್ 1ರಿಂದ, 144 ಅಡಿ ಆದ ಆದೇಶಗಳಿಗೆ ಮಾತ್ರ ಆ ಅಧಿಕಾರ ಮರಳಿ ಬಂದಿದೆ. ಹಳೆಯ ಆದೇಶ ಬಿದ್ದಾಗ ಆ ಡಿಮಾಂಡೂ ಬೀಳುತ್ತದೆ, ಮತ್ತೆ ಮೊದಲಿನಿಂದ ವಿಚಾರಣೆ ನಡೆಯುತ್ತದೆ.

ಇದು ಒಳ್ಳೆಯದಾ? ದಾಖಲೆ ಇನ್ನೂ ಪೂರ್ತಿ ಸಿಕ್ಕಿಲ್ಲದವರಿಗೆ ಒಳ್ಳೆಯದು. ಎಲ್ಲ ಕೈಯಲ್ಲೇ ಇದ್ದವರಿಗೆ ಮತ್ತೊಂದು ಸುತ್ತು ಬಿದ್ದಂತೆ. ಹಾಗಾಗಿ ದಾಖಲೆ ಗಟ್ಟಿ ಇದ್ದರೆ "ಇಲ್ಲೇ ತೀರ್ಮಾನ ಮಾಡಿ, ಅದು ಆಗದಿದ್ದರೆ ವಾಪಸ್ ಕಳಿಸಿ" ಅಂತ ಇದೇ ಕ್ರಮದಲ್ಲಿ ಕೇಳಿ. ಇನ್ನೊಂದು ಗೊತ್ತಿರಲಿ, ಮೊದಲು ನಿಮಗೆ ನೋಟಿಸ್ ಕೊಟ್ಟು ತೆರಿಗೆ ಹೆಚ್ಚಿಸುವ ಅಧಿಕಾರವೂ ಕಮಿಷನರಿಗೆ ಇದೆ.

ಅಪೀಲಿನ ನೋಟಿಸಿಗೂ ಉತ್ತರ ತಪ್ಪಿಹೋಯಿತು. ವಜಾ ಆಗಿದೆ.

ಅಪೀಲುಗಳೂ 2020ರ ಸೆಪ್ಟೆಂಬರಿನಿಂದ ಫೇಸ್‌ಲೆಸ್ ಆಗಿವೆ. ನೋಟಿಸ್ ಒಂದು ತಿಂಗಳಿಗೂ ಬರಬಹುದು, ಮೂರು ವರ್ಷಕ್ಕೂ ಬರಬಹುದು. ಜನ ಮರೆತುಬಿಡುತ್ತಾರೆ. ಹಾಜರಾಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅಪೀಲು ವಜಾ ಮಾಡುವಂತಿಲ್ಲ, ಇರುವ ದಾಖಲೆ ನೋಡಿ ತೀರ್ಮಾನ ಬರೆಯಬೇಕು ಅಂತ ಬಾಂಬೆ ಹೈಕೋರ್ಟ್ 2016ರಲ್ಲಿ ಹೇಳಿದೆ. ಅದಕ್ಕೇ ಫಾರ್ಮ್ 35ರ ಜೊತೆಯಲ್ಲೇ ಎಲ್ಲ ದಾಖಲೆ ಹಾಕಿಬಿಡಿ ಅನ್ನುವುದು.

ಮುಂದಿನ ಮೆಟ್ಟಿಲು ಟ್ರಿಬ್ಯುನಲ್, ಅಂದರೆ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ. ಆದೇಶ ತಲುಪಿದ ತಿಂಗಳು ಮುಗಿದ ಮೇಲೆ ಎರಡು ತಿಂಗಳ ಅವಧಿ, ಫಾರ್ಮ್ 36. ಶುಲ್ಕ, ಅಧಿಕಾರಿ ನಿಗದಿ ಮಾಡಿದ ಆದಾಯ 2 ಲಕ್ಷ ಮೀರಿದ್ದರೆ ಅದರ ಶೇ 1, ಹೆಚ್ಚೆಂದರೆ 10,000 ರೂಪಾಯಿ. ಬೆಂಗಳೂರಿನಲ್ಲಿ ಅದರ ಪೀಠಗಳಿವೆ. ಎರಡು ಹಂತದಲ್ಲೂ ನಿಮ್ಮ ಮಾತು ಕೇಳದೆ ಆದ ಆದೇಶಗಳನ್ನು ಟ್ರಿಬ್ಯುನಲ್ ಎಷ್ಟೋ ಸಲ ಮತ್ತೆ ವಿಚಾರಣೆಗೆ ಕಳಿಸುತ್ತದೆ, ಕೆಲವೊಮ್ಮೆ ಇಷ್ಟು ಖರ್ಚು ಕಟ್ಟಿ ಅಂತ ಷರತ್ತು ಹಾಕುತ್ತದೆ. ಮತ್ತೆ ಅಲ್ಲಿಯೂ ತಪ್ಪಿಸಿಕೊಂಡರೆ ಕನಿಕರ ತೋರಿಸುವವರು ಕಡಿಮೆ.

ನೇರ ಹೈಕೋರ್ಟಿಗೆ ಹೋದರೆ ಬೇಗ ಆಗಲ್ವಾ?

ನೋಟಿಸ್ ಬಂದೇ ಇಲ್ಲ, ತೀರಿಹೋದವರ ಹೆಸರಿಗೆ ನೋಟಿಸ್ ಕೊಟ್ಟಿದ್ದಾರೆ, ಇಂಥ ಬುಡದಲ್ಲೇ ತಪ್ಪಿರುವ ಪ್ರಕರಣಕ್ಕೆ ರಿಟ್ ಅರ್ಜಿ ಸರಿ. ಬೆಂಗಳೂರು, ಧಾರವಾಡ, ಕಲಬುರಗಿ, ನಿಮ್ಮ ಜಿಲ್ಲೆಗೆ ಯಾವ ಪೀಠವೋ ಅಲ್ಲಿ. ಬರೀ ಅಂಕಿ ಸರಿ ಇಲ್ಲ ಅನ್ನುವುದಾದರೆ "ಅಪೀಲು ಇದೆಯಲ್ಲ, ಅಲ್ಲಿಗೆ ಹೋಗಿ" ಅಂತ ಹೇಳಿ ಕಳಿಸುವ ಸಾಧ್ಯತೆಯೇ ಜಾಸ್ತಿ. ಅಪೀಲು ಬೇಡ ಅನ್ನುವವರಿಗೆ ಸೆಕ್ಷನ್ 264ರ ಪರಿಷ್ಕರಣೆ ಇದೆ. ಒಂದು ವರ್ಷದೊಳಗೆ, 500 ರೂಪಾಯಿ ಶುಲ್ಕ, ಪ್ರಿನ್ಸಿಪಲ್ ಕಮಿಷನರ್ ಮುಂದೆ. ನಿಮಗೆ ಹಾನಿಯಾಗುವ ಆದೇಶ ಅದರಲ್ಲಿ ಬರುವಂತಿಲ್ಲ. ಆದರೆ ಅಪೀಲೂ ಇದೂ ಒಟ್ಟಿಗೆ ನಡೆಯೋದಿಲ್ಲ.

ನಮ್ಮದು ಹಳ್ಳಿಯ ಸಹಕಾರ ಸಂಘ. ನಮಗೂ ಇದೇ ಆಗಿದೆ.

ನೋಟು ರದ್ದಾದ ಮೇಲೆ ಕರ್ನಾಟಕದ ಎಷ್ಟೋ ಪತ್ತಿನ ಸಂಘಗಳಿಗೆ, ಸೌಹಾರ್ದಗಳಿಗೆ ಇಂಥ ಆದೇಶ ಬಂದಿವೆ. ಸದಸ್ಯರ ಠೇವಣಿಯನ್ನು ಸಂಘ ಬ್ಯಾಂಕಿಗೆ ಕಟ್ಟಿದೆ, ಅದನ್ನೇ ಸಂಘದ ಆದಾಯ ಅಂತ ಹಿಡಿದಿದ್ದಾರೆ. ಸದಸ್ಯರ ಪಟ್ಟಿ, ಕೆವೈಸಿ, ಕ್ಯಾಶ್ ಬುಕ್, ಸಹಕಾರ ಇಲಾಖೆಯ ಲೆಕ್ಕಪರಿಶೋಧನಾ ವರದಿ ಕೊಡಿ. ಸಹಕಾರ ಸಂಘಗಳ ಆದಾಯಕ್ಕೆ ಸಿಗುವ ಸೆಕ್ಷನ್ 80ಪಿ ವಿನಾಯಿತಿಯ ಬಗ್ಗೆ 2021ರ ಜನವರಿಯಲ್ಲಿ ಮಾವಿಲಾಯಿ ಸೇವಾ ಸಹಕಾರಿ ಬ್ಯಾಂಕ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಸಂಘಗಳ ಕಡೆಗಿದೆ. 2018-19ನೇ ಅಸೆಸ್‌ಮೆಂಟ್ ವರ್ಷದಿಂದ (ಅಂದರೆ 2017-18ರ ಆದಾಯದಿಂದ) ಗಡುವಿನೊಳಗೆ ರಿಟರ್ನ್ ಹಾಕಿದರೆ ಮಾತ್ರ ಆ ವಿನಾಯಿತಿ. ಆಡಿಟ್ ತಡವಾಗಿ ರಿಟರ್ನ್ ತಡವಾಗಿದ್ದರೆ, 2018-19ರಿಂದ 2022-23ರವರೆಗಿನ ವರ್ಷಗಳಿಗೆ ಮುಖ್ಯ ಕಮಿಷನರ್ ಆ ತಡವನ್ನು ಮನ್ನಿಸಬಹುದು ಅಂತ ಮಂಡಳಿಯ 2023ರ 13ನೇ ಸುತ್ತೋಲೆ ಇದೆ. ಅಪೀಲಿನ ಜೊತೆಗೆ ಅದನ್ನೂ ನೋಡಿ.

ಹೊಸ ಕಾಯ್ದೆ ಬಂದರೆ ಇದೆಲ್ಲ ಬದಲಾಗುತ್ತಾ?

ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬರುವ ದಿನ 2026ರ ಏಪ್ರಿಲ್ 1. ಸೆಕ್ಷನ್ ನಂಬರುಗಳು ಬೇರೆ. ಆದರೆ 2025-26ರವರೆಗಿನ ಹಣಕಾಸು ವರ್ಷಗಳ ತೆರಿಗೆ 1961ರ ಕಾಯ್ದೆ ಪ್ರಕಾರವೇ, ಹಾಗಾಗಿ ಇಲ್ಲಿ ಹೇಳಿದ ನಂಬರುಗಳು ಆ ವರ್ಷಗಳ ಆದೇಶಗಳಿಗೆ ಸಂಬಂಧಿಸಿದ್ದು. ಅಪೀಲು ಹಾಕುವ ಮೊದಲು ಆದೇಶ ಯಾವ ವರ್ಷದ್ದು, ಪೋರ್ಟಲಲ್ಲಿ ತೆರೆದಿರುವ ಫಾರ್ಮ್ ಯಾವ ಕಾಯ್ದೆಯದ್ದು, ಇವೆರಡನ್ನೂ ತಾಳೆ ಹಾಕಿ ನೋಡಿ.